ಶುಭಕೋರುವವರ ಸಮುದ್ರ

ಕುಣಿಗಲ್ ಬಸ್ ನಿಲ್ದಾಣದ ಎದುರು ಮಳೆಗೆ ಸಿಕ್ಕಿಕೊಂಡು ಒಂದು ಬಜ್ಜಿ ಗಾಡಿಯ ಮಾಡಿನ ಕೆಳಗೆ ನುಗ್ಗಿದೆ. ಗಾಡಿಯ ಮೇಲೆ ಹಳೆಯ ಫ್ಲೆಕ್ಸ್ ಒಂದನ್ನು, ಅಚ್ಚಾದ ಮುಖ ಕೆಳಗೆ ಬರುವಂತೆ, ಬಿದಿರಿನ ಗಳಗಳಿಗೆ ಎಳೆದು ಕಟ್ಟಿದ್ದರು. ತಲೆ ಎತ್ತಿದರೆ ಒಂಟಿಹಲ್ಲು ಬೆಟ್ಟ. ಅದರ ಬುಡಕ್ಕೆ ಬಂದು ಸೇರುವ ಹಿಂದೊಳೆ ಎಂಬ ನದಿ. ನದಿಯಾಚೆ ಕಿವುಡುಕಾಡು, ಒಂದೊಂದು ಮರವೂ ಬೇರೆ ಬೇರೆ. ಇವು ಯಾವ ಜಿಲ್ಲೆಯಲ್ಲೂ ಇಲ್ಲದ ಜಾಗಗಳು. ಬೆಟ್ಟ ಬರೆದವಳು ನಾನು. ಕಾಡು ಬರೆದವಳು ಲತಾ.

ಇಂಥ ಕಡೆ ಬರೆಯುವವರು, ಆ ಕ್ಷಣದಲ್ಲಿ ಎಲ್ಲವೂ ಕಣ್ಣ ಮುಂದೆ ಬಂತು ಎನ್ನುತ್ತಾರೆ. ನನಗೆ ಬಂದದ್ದು ಸಿಟ್ಟು ಮಾತ್ರ. ಉಳಿದದ್ದನ್ನೆಲ್ಲ ಬಜ್ಜಿ ತಿನ್ನುತ್ತಾ ಜೋಡಿಸಿಕೊಂಡೆ. ಹೀಗೆ ಜೋಡಿಸಿಕೊಂಡದ್ದನ್ನೇ ಜನ ನೆನಪು ಎಂದು ಕರೆಯುತ್ತಾರೆ, ಕರೆಯಲಿ. ಫ್ಲೆಕ್ಸಿನ ಕೆಳ ಅಂಚನ್ನು ಮಾತ್ರ ಸುರುಳಿ ಸುತ್ತಿ ಹಗ್ಗ ಬಿಗಿದಿದ್ದರು. ನನ್ನ ಕಣ್ಣು ಅಲ್ಲಿಗೇ ಹೋಗುತ್ತಿತ್ತು, ನಾನು ಬೇರೆ ಕಡೆ ನೋಡುತ್ತಿದ್ದೆ.

ನಾವು ಇದನ್ನು ಬರೆದ ವರ್ಷದ ಮುಂಗಾರಿನಲ್ಲಿ ತುಮಕೂರಿನಲ್ಲಿ ಫ್ಲೆಕ್ಸ್ ಕಟ್ಟುವುದನ್ನೇ ಸರ್ಕಾರದವರು ನಿಲ್ಲಿಸಿದ್ದರು. ಹಾಗೆ ಹೇಳಿದರೆ ದೊಡ್ಡದಾಗಿ ಕೇಳುತ್ತದೆ. ಪ್ರತಿ ಎರಡು ಮೂರು ವರ್ಷಕ್ಕೊಮ್ಮೆ ನಿಲ್ಲಿಸುತ್ತಾರೆ, ಆಮೇಲೆ ಮರೆಯುತ್ತಾರೆ. ಆದರೆ ಆ ಸಲ ಬೇಗ ಮರೆಯಲಿಲ್ಲ. ಉಪ್ಪಾರಹಳ್ಳಿಯಲ್ಲಿರುವ ನಮ್ಮ ಚಾಚಾನ ಅಂಗಡಿಯಲ್ಲಿ ಫ್ಲೆಕ್ಸ್ ಅಚ್ಚು ಹಾಕುವ ದೊಡ್ಡ ಯಂತ್ರಕ್ಕೆ ಹಳೆಯ ಬೆಡ್‌ಶೀಟ್ ಹೊದಿಸಿ ಕೂರಿಸಿದ್ದೆವು. ಗೂಳೂರು ಗಣೇಶನ ಜಾತ್ರೆಯ ಹೊತ್ತಿಗೆ ಉಸಿರಾಡಲು ಬಿಡುವಿಲ್ಲದ ಅಂಗಡಿಯಲ್ಲಿ ಇಂಕಿನ ವಾಸನೆ ಕೂಡ ಹಳಸಿತ್ತು. ಚಾಚಾ ಎಂದರೆ ನನ್ನ ತಂದೆಯ ತಮ್ಮ. ಕೆಲಸಕ್ಕೆ ಇದ್ದವರು ಇಬ್ಬರೇ: ನಾನು, ಮತ್ತೆ ದಿನಾ ಗುಬ್ಬಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಲತಾ. ಇಬ್ಬರೂ ಡಿಸೈನರುಗಳು ಎಂದು ಹೇಳಿಕೊಳ್ಳುತ್ತಿದ್ದೆವು. ಮಾಡುತ್ತಿದ್ದದ್ದು ತಲೆಗಳನ್ನು ಕತ್ತರಿಸುವ ಕೆಲಸ. ಹುಟ್ಟುಹಬ್ಬದವನ ತಲೆ ದೊಡ್ಡದು, ಅವನ ನಾಯಕನ ತಲೆ ಅದಕ್ಕಿಂತ ದೊಡ್ಡದು, ಕೆಳಗಿನ ಪಟ್ಟಿಯಲ್ಲಿ ‘ಶುಭಕೋರುವವರು’ ಎಂಬ ಮಾತಿನ ಅಡಿ ಸಾಲಾಗಿ ಸಣ್ಣ ತಲೆಗಳು. ಆ ಸಾಲಿನಲ್ಲಿ ಯಾರದಾದರೂ ತಲೆ ಪಕ್ಕದವನದಕ್ಕಿಂತ ಕೂದಲಷ್ಟು ಚಿಕ್ಕದಾದರೆ ಅಂಗಡಿಗೆ ಬಂದು ಮೇಜು ಗುದ್ದುತ್ತಿದ್ದರು. ನಾವು ಅಳೆದು ಅಳೆದು ಕೂರಿಸುತ್ತಿದ್ದೆವು.

ಕೆಲಸವಿಲ್ಲದ ಆ ದಿನಗಳಲ್ಲಿ ಕುಣಿಗಲ್ಲಿನಿಂದ ಪುಟ್ಟಸ್ವಾಮಿ ಮೇಷ್ಟ್ರು ಬಂದರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವರು. ಮಿಡುಕುನಾಡು ಎಂಬ ಇಲ್ಲದ ದೇಶದ ಮೇಲೆ ಮಕ್ಕಳಿಗಾಗಿ ಉದ್ದನೆಯ ಕಥೆ ಬರೆದಿದ್ದರು. ಬೆಂಗಳೂರಿನ ಪ್ರಕಾಶಕರೊಬ್ಬರು ಅದನ್ನು ಸಂಪುಟ ಸಂಪುಟವಾಗಿ ತರಲು ಒಪ್ಪಿದ್ದರು, ಮೊದಲ ಪುಟಕ್ಕೆ ಒಂದು ನಕ್ಷೆ ಬೇಕು ಎಂದಿದ್ದರು. ಮೇಷ್ಟ್ರು ಡ್ರಾಯಿಂಗ್ ಶೀಟಿನಲ್ಲಿ ಪೆನ್ಸಿಲಿನಿಂದ ಗೀಚಿಕೊಂಡು ಬಂದಿದ್ದರು. ನಕ್ಷೆ ಚೆನ್ನಾಗಿ ಬಂದರೆ ಬರೆದವರ ಹೆಸರು ಅದರ ಮೂಲೆಯಲ್ಲಿ ಅಚ್ಚಾಗುತ್ತದೆ, ಮುಂದಿನ ಎಲ್ಲ ಸಂಪುಟಗಳ ಚಿತ್ರದ ಕೆಲಸವೂ ಅವರಿಗೇ, ಮನೆಯಲ್ಲೇ ಕೂತು ಮಾಡಬಹುದು ಎಂದರು. ಒಬ್ಬರ ಹೆಸರು ಮಾತ್ರ.

ಹೆಸರು ಎಂದ ಕೂಡಲೇ ಅಂಗಡಿಯ ಗಾಳಿ ಬದಲಾಯಿತು. ಅದುವರೆಗೆ ನಾನೂ ಲತಾನೂ ಒಂದೇ ಡಬ್ಬಿಯಲ್ಲಿ ಊಟ ಮಾಡುತ್ತಿದ್ದೆವು ಎಂದು ಬರೆಯಲು ಕೈ ಹೋಗುತ್ತಿದೆ. ಸುಳ್ಳು. ಅವಳ ಮೊಸರನ್ನದ ಮೇಲೆ ನನಗೆ ಯಾವಾಗಲೂ ಅಸಡ್ಡೆ ಇತ್ತು, ನನ್ನ ಮಾತಿನ ಮೇಲೆ ಅವಳಿಗೆ. ಮುಚ್ಚುವ ಹಾಗಿದ್ದ ಅಂಗಡಿಯಿಂದ ಹೊರಗೆ ಹೋಗಲು ಒಂದೇ ಬಾಗಿಲು ಇದೆ ಎಂದು ಗೊತ್ತಾದ ಮೇಲೆ ಅಸಡ್ಡೆಗೆ ಹಗೆ ಎಂಬ ಹೆಸರು ಬಂತು.

ಚಾಚಾ ತಲೆ ಕೆರೆದುಕೊಂಡರು. ‘‘ನೋಡ್ರಮ್ಮ, ಒಬ್ಳು ನಮ್ಮಣ್ಣನ ಮಗ್ಳು. ಇನ್ನೊಬ್ಳು ಅಂಗ್ಡಿ ಶುರುವಾದಾಗ್ಲಿಂದ ಇರೋಳು. ನಾನು ಯಾರ್ ಹೆಸ್ರು ಹೇಳಿದ್ರೂ ಉಗಿಸ್ಕೊಳ್ಳೋನು ನಾನೇ. ಕಂಪ್ಯೂಟ್ರೇ ಹೇಳ್ಲಿ. ಯಾರ್ ಟೈಮ್ ಜಾಸ್ತಿ ಬೀಳುತ್ತೋ ಅವರ್ ಹೆಸ್ರು.’’

ಕಂಪ್ಯೂಟರಿನಲ್ಲಿ ಯಾರದೋ ಉಚಿತ ಟೈಮರ್ ಹಾಕಿದರು. ಲತಾ ಹೆಸರಲ್ಲಿ ಒಂದು ಖಾತೆ, ನಸ್ರೀನ್ ಎಂದು ನನ್ನ ಹೆಸರಲ್ಲಿ ಒಂದು ಖಾತೆ. ಚಿತ್ರ ಬರೆಯುವ ಟ್ಯಾಬ್ಲೆಟ್ಟಿನ ಮೇಲೆ ಪೆನ್ನು ಆಡಿದರೆ ಗಡಿಯಾರ ಓಡುತ್ತದೆ, ಪೆನ್ನು ನಿಂತರೆ ನಿಲ್ಲುತ್ತದೆ. ಸುಮ್ಮನೆ ಕೂತು ನೋಡಿದ್ದು ಅದರ ಲೆಕ್ಕಕ್ಕಿಲ್ಲ.

‘‘ಚಾಚಾ, ಬೇಗ ಬರೆಯೋರ್ ಗತಿ ಏನು?’’ ಎಂದೆ.

‘‘ಬೇಗ ಬರೆಯೋರು ಬೇಗ ಮನೆಗೆ ಹೋಗ್ಬೋದು ಕಣೇ,’’ ಎಂದಳು ಲತಾ.

ನಾನು ಬೇಗ ಬರೆಯುವವಳು. ಇದು ಜಂಬವಲ್ಲ, ಅಂಗಡಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಒಂಟಿಹಲ್ಲು ಬೆಟ್ಟ ನನ್ನ ಕೈಯಲ್ಲಿ ಒಂದು ಕಪ್ ಚಹಾ ಆರುವುದರೊಳಗೆ ಎದ್ದು ನಿಂತಿತು. ಮೇಷ್ಟ್ರ ಪೆನ್ಸಿಲ್ ಶೀಟನ್ನು ಬೆಳಗಿನಿಂದ ದಿಟ್ಟಿಸಿದ್ದೆ, ಆಮೇಲೆ ನಾಲ್ಕು ಗೆರೆ ಎಳೆದಿದ್ದೆ. ದಿಟ್ಟಿಸಿದ್ದಕ್ಕೆ ಗಡಿಯಾರ ಸೊನ್ನೆ ಕೊಟ್ಟಿತು. ಲತಾ ಕಾಡಿಗೆ ಕೂತಳು. ಒಂದು ಮರ ಬರೆದು ಅದನ್ನೇ ಬ್ರಷ್ ಮಾಡಿ ಕಾಡು ತುಂಬಾ ಉದುರಿಸಬಹುದು, ಫ್ಲೆಕ್ಸಿನಲ್ಲಿ ಹೂವು ಉದುರಿಸುವ ಹಾಗೆ. ಅವಳು ಹಾಗೆ ಮಾಡಲಿಲ್ಲ. ಒಂದೊಂದು ಮರವನ್ನೂ ಬೇರಿನಿಂದ ಶುರು ಮಾಡಿದಳು.

‘‘ಎಲೆ ಎಣಿಸ್ತಿದೀಯೇನೇ?’’ ಎಂದೆ.

‘‘ಎಣಿಸಿದ್ರೆ ನಿಂಗೇನ್ ನೋವು? ನಿನ್ ಬೆಟ್ಟದಲ್ಲಿ ಒಂದ್ ಕಲ್ಲಾದ್ರೂ ಇದ್ಯಾ? ಬೋಳು ತಲೆ ಇಟ್ಟಂಗಿದೆ.’’

‘‘ತಲೆ ಇಟ್ಟಿಟ್ಟು ನಿಂಗೆ ಎಲ್ಲ ತಲೆ ತರಾನೇ ಕಾಣ್ಸುತ್ತೆ.’’

‘‘ಬುಡು ಬುಡು. ಚಾಚಾನ್ ಮನೆ ಕಾಸಲ್ಲಿ ಕಲ್ತೋಳಿಗೆ ಏನ್ ಗೊತ್ತು.’’

ಟ್ಯಾಬ್ಲೆಟ್ ಒಂದೇ. ಬೆಳಿಗ್ಗೆ ಅವಳು, ಮಧ್ಯಾಹ್ನದ ಮೇಲೆ ನಾನು. ನಾನು ಕೂರುವಾಗ ಪೆನ್ನು ಅವಳ ಕೈಯಿಂದ ಬಿಸಿಯಾಗಿರುತ್ತಿತ್ತು. ಅದನ್ನು ದುಪಟ್ಟಾದ ತುದಿಯಲ್ಲಿ ಅವಳಿಗೆ ಕಾಣುವ ಹಾಗೆ ಒರೆಸುತ್ತಿದ್ದೆ. ಹೊರಗೆ ಮೋಡ ಮುಸುಕಿಕೊಂಡು ಮಳೆ ಸುರಿಯದೆ ಸತಾಯಿಸುತ್ತಿತ್ತು. ತಗಡಿನ ಕೆಳಗೆ ಬೆವರು. ಕರೆಂಟು ಹೋದರೆ ಯುಪಿಎಸ್ ಕೀಚ್ ಕೀಚ್ ಎನ್ನುತ್ತಿತ್ತು, ಆಗಲೂ ಅವಳು ಪೆನ್ನು ಎತ್ತುತ್ತಿರಲಿಲ್ಲ, ಬ್ಯಾಟರಿ ಸಾಯುವವರೆಗೆ ಒಂದು ಕೊಂಬೆಗಾದರೂ ಜೀವ ಕೊಡುತ್ತಿದ್ದಳು.

ಎರಡನೆಯ ವಾರವೋ ಮೂರನೆಯ ವಾರವೋ, ಚಾಚಾ ಟೈಮರ್ ತೆಗೆದು ನೋಡಿದಾಗ ಲತಾಳದು ನನ್ನದರ ದುಪ್ಪಟ್ಟಿತ್ತು. ಅಂದಿನಿಂದ ನಾನೂ ನಿಧಾನವಾದೆ. ಹಿಂದೊಳೆಯನ್ನು ಬರೆದು ಅಳಿಸಿದೆ, ಅಳಿಸಿ ಬರೆದೆ. ಅಳಿಸುವಾಗಲೂ ಗಡಿಯಾರ ಓಡುತ್ತದೆ ಎಂಬುದನ್ನು ಮೊದಲು ಕಂಡುಕೊಂಡವಳು ನಾನೇ. ಮೇಷ್ಟ್ರ ಕಥೆಯಲ್ಲಿ ಅದು ಸಮುದ್ರದಿಂದ ಬೆಟ್ಟಕ್ಕೆ ಹಿಮ್ಮುಖವಾಗಿ ಹರಿಯುವ ನದಿ. ಅದು ಹರಿದದ್ದಕ್ಕಿಂತ ನಾನು ಅಳಿಸಿದ್ದು ಜಾಸ್ತಿ. ಲತಾ ಅದನ್ನು ಪತ್ತೆ ಮಾಡಿದಳು. ಮಾರನೆಯ ಮಧ್ಯಾಹ್ನ ಫೈಲು ತೆರೆದರೆ ನನ್ನ ಬೆಟ್ಟದ ಮೇಲೆ ಮೋಡ ಕವಿದಿತ್ತು, ಅವಳ ಲೇಯರ್, ಎಂದರೆ ಅವಳು ಬರೆದ ಪದರ, ನನ್ನದರ ಮೇಲೆ ಕೂತಿತ್ತು. ಆ ಲೇಯರಿಗೆ ಅವಳು ಇಟ್ಟ ಹೆಸರು: ‘ಮುಟ್ಟಿದ್ರೆ ಕೈ ಮುರೀತೀನಿ’. ನಾನು ಮುಟ್ಟಲಿಲ್ಲ. ಅದರ ಮೇಲೆ ಇನ್ನೊಂದು ಲೇಯರ್ ಹಾಕಿ ಹದ್ದುಗಳನ್ನು ಬರೆದೆ. ಹೆಸರು: ‘ಗುಬ್ಬಿ ತಿನ್ನೋ ಹದ್ದು’. ಅಂಗಡಿಯಲ್ಲಿ ಮಾತು ನಿಂತಿತು. ಬೈಗುಳವೆಲ್ಲ ಲೇಯರಿನ ಹೆಸರುಗಳಿಗೆ ಹೋಯಿತು. ಮಿಡುಕುನಾಡು ನೋಡುವವರಿಗೆ ಸೊಂಪಾಗಿ ಬೆಳೆಯಿತು, ಪಕ್ಕದಲ್ಲಿ ಲೇಯರುಗಳ ಪಟ್ಟಿ ತೆರೆದರೆ ಬೀದಿ ನಲ್ಲಿಯ ಮುಂದಿನ ಜಗಳ.

ಈಗ ಇದನ್ನು ತಮಾಷೆಯಾಗಿ ಹೇಳುತ್ತಿದ್ದೇನೆ. ಆಗ ತಮಾಷೆಯಾಗಿರಲಿಲ್ಲ. ಅವಳು ಬಸ್ ತಪ್ಪಿಸಿಕೊಂಡು ಬಾರದಿರಲಿ ಎಂದು ನಾನು ಬಯಸಿದ ಬೆಳಿಗ್ಗೆಗಳು ಇದ್ದವು. ಬಸ್ಸಿಗೆ ಏನಾದರೂ ಆಗಲಿ ಎಂದೂ ಬಯಸಿದ್ದೆ ಎನ್ನಿಸುತ್ತದೆ. ಅದು ಆಗಿನ ಯೋಚನೆಯೋ, ಈಗ ಬರೆಯುವಾಗ ಉಪ್ಪು ಖಾರಕ್ಕೆ ಸೇರಿಸಿದ್ದೋ, ಪ್ರಮಾಣ ಮಾಡಿ ಹೇಳಲಾರೆ.

ಮೇಷ್ಟ್ರು ನಕ್ಷೆ ನೋಡಲು ಬರುವ ದಿನ ಮಳೆ ಕೊನೆಗೂ ಮುರಿದುಕೊಂಡು ಬಿತ್ತು. ಕೊಡೆ ಮಡಚಿ, ಕನ್ನಡಕ ಒರೆಸಿಕೊಂಡು, ಪರದೆಯ ಮುಂದೆ ಕೂತರು. ಬೆಟ್ಟ ನೋಡಿದರು, ಹೂಂ ಎಂದರು. ಕಾಡು ನೋಡಿದರು, ಹೂಂ ಎಂದರು. ಹದ್ದುಗಳನ್ನು ನೋಡಿ, ‘‘ಹದ್ದು ಕಥೇಲಿಲ್ಲ, ಇರ್ಲಿ ಬಿಡಿ,’’ ಎಂದರು. ಆಮೇಲೆ ಅವರ ಕಣ್ಣು ಕೆಳಗೆ ಬಂತು. ನಕ್ಷೆಯ ತಳದಲ್ಲಿ, ಈ ತುದಿಯಿಂದ ಆ ತುದಿಗೆ, ಅಗಲವಾದ ನೀಲಿ ಪಟ್ಟಿ ಇತ್ತು. ಅಲೆಯಿಲ್ಲ, ಹಡಗಿಲ್ಲ, ಒಂದು ಮೀನಿನ ಬಾಲವೂ ಇಲ್ಲ. ಮೇಷ್ಟ್ರ ಕಣ್ಣು ಅಲ್ಲೇ ನಿಂತುಬಿಟ್ಟಿತು.

‘‘ಇದು,’’ ಎಂದರು. ‘‘ಇದು ಕಣ್ರಮ್ಮ! ಉಳಿದಿದ್ದೆಲ್ಲ ನಾನು ಹೇಳಿದ್ದೆ, ನೀವು ಬರೆದಿರಿ. ಇದನ್ನ ಹಿಂಗೆ ಖಾಲಿ ಬಿಡಿ ಅಂತ ನಾನು ಹೇಳಿರ್ಲಿಲ್ಲ. ಹೋದ ವಾರ ಚಾಚಾ ಮೊಬೈಲಿಗೆ ಫೋಟೋ ಕಳಿಸಿದ್ರಲ್ಲ, ಆವತ್ತಿಂದ ಇದೇ ತಲೇಲಿ. ಕೊನೇ ಅಧ್ಯಾಯ ಹರಿದು ಹಾಕ್ದೆ. ಈಗ ಮಕ್ಕಳು ಈ ದಡಕ್ಕೆ ಬಂದು ನಿಲ್ತಾರೆ. ಮುಂದೆ ಏನೂ ಇಲ್ಲ. ಅಲ್ಲಿಗೆ ಮುಗಿಯುತ್ತೆ.’’ ಬೆರಳನ್ನು ಪರದೆಯ ನೀಲಿಯ ಮೇಲಿಟ್ಟರು. ‘‘ಯಾರು ಇದನ್ನ ಖಾಲಿ ಬಿಟ್ಟೋರು? ಚಾಚಾ, ಟೈಮೂ ಗೀಮೂ ಪಕ್ಕಕ್ಕಿಡಿ. ಇದನ್ನ ಬಿಟ್ಟೋರ ಹೆಸರೇ ಹಾಕ್ಸೋಣ.’’

ನಾನು ಬಾಯಿ ತೆರೆಯುವುದರೊಳಗೆ ಲತಾ ತೆರೆದಳು.

‘‘ನಾನೇ ಸರ್. ಎಲ್ಲಾ ಕಡೆ ತುಂಬಿರುವಾಗ ಒಂದ್ಕಡೆ ಏನೂ ಇರ್ಬಾರ್ದು ಅನ್ನಿಸ್ತು. ನೋಡ್ದೋರಿಗೆ ಒಂಚೂರು ಭಯ ಆಗ್ಬೇಕು ಅಂತ.’’

ಎಷ್ಟು ಚೆನ್ನಾಗಿ ಹೇಳಿದಳು! ಆ ಸುಳ್ಳಿನ ಚಂದಕ್ಕೇ ನನಗೆ ಮೈ ಉರಿಯಿತು. ನನ್ನ ಬಾಯಿ ಮೊದಲು ತೆರೆದಿದ್ದರೆ ಬೇರೆ ಪದಗಳಲ್ಲಿ ಅದೇ ಸುಳ್ಳನ್ನು ನಾನು ಹೇಳುತ್ತಿದ್ದೆ, ಮತ್ತೆ ನಿಜ ಇವತ್ತಿಗೂ ಹೊರಗೆ ಬರುತ್ತಿರಲಿಲ್ಲ. ಎರಡನೆಯವಳಾದ್ದರಿಂದ ನನ್ನ ಪಾಲಿಗೆ ನಿಜ ಮಾತ್ರ ಉಳಿದಿತ್ತು.

‘‘ಸುಳ್ಳು ಸರ್,’’ ಎಂದೆ. ‘‘ಅದು ಸಮುದ್ರ ಅಲ್ಲ. ಶುಭಕೋರುವವರ ಜಾಗ.’’

ಮೇಷ್ಟ್ರಿಗೆ ಅರ್ಥವಾಗಲಿಲ್ಲ. ನಾನು ಮೌಸ್ ಕಸಿದುಕೊಂಡು ಹಳೆಯ ಹುಟ್ಟುಹಬ್ಬದ ಫ್ಲೆಕ್ಸೊಂದನ್ನು ಪಕ್ಕದಲ್ಲಿ ತೆರೆದೆ. ಅದೇ ಅಳತೆ. ಅದೇ ಜಾಗದಲ್ಲಿ ಪಟ್ಟಿ. ಪಟ್ಟಿಯಲ್ಲಿ ಸಾಲಾಗಿ ತಲೆಗಳು. ನಮ್ಮ ಅಂಗಡಿಯಲ್ಲಿ ಯಾವ ಕೆಲಸವೇ ಬರಲಿ, ಕೆಳಗೆ ಒಂದು ಗೆರೆ ಎಳೆದು ಅದರಡಿ ಖಾಲಿ ಬಿಟ್ಟು ಶುರು ಮಾಡುತ್ತೇವೆ. ಕೊನೆಯ ಗಳಿಗೆಯಲ್ಲಿ ಯಾರಾದರೂ ಫೋಟೋ ತಂದೇ ತರುತ್ತಾರೆ. ವರ್ಷಗಟ್ಟಲೆ ಬಿಟ್ಟೂ ಬಿಟ್ಟೂ ಕೈಗೆ ಅದೇ ಅಭ್ಯಾಸ. ಇಲ್ಲದ ದೇಶಕ್ಕೂ ನಾವು ಶುಭಕೋರುವವರ ಜಾಗ ಬಿಟ್ಟಿದ್ದೆವು. ಸುತ್ತ ನೀಲಿ ಸುರಿಯುವಾಗ ಅದಕ್ಕೂ ನೀಲಿ ಬಿದ್ದಿತ್ತು, ಅಷ್ಟೆ.

ಯಾರ ಕೈ? ಟೈಮರ್ ತೆಗೆದು ನೋಡಿದೆವು. ಬೆಟ್ಟಕ್ಕೆ ಹೊತ್ತು ಇತ್ತು, ಕಾಡಿಗೆ ಇತ್ತು, ಅಳಿಸಿದ ನದಿಗೂ ಇತ್ತು. ಸಮುದ್ರಕ್ಕೆ ಏನೂ ಇರಲಿಲ್ಲ. ಖಾಲಿ ಬಿಡುವಾಗ ಪೆನ್ನು ಆಡುವುದಿಲ್ಲ. ಮೊದಲ ದಿನ ಫೈಲು ತೆರೆದು ಗೆರೆ ಎಳೆದದ್ದು ನಾನೇ ಎಂದು ನನಗೆ ಚೆನ್ನಾಗಿ ನೆನಪಿದೆ: ಕಿಟಕಿಯ ಹೊರಗೆ ಆಟೋ ನಿಂತಿತ್ತು, ಕೈಯಲ್ಲಿ ಬನ್ ಇತ್ತು. ಲತಾ ಅದೇ ಗೆರೆ ತಾನು ಎಳೆದೆ ಎಂದು ಆ ದಿನ ಕೂಗಿದಳು. ಅವಳ ನೆನಪಿನಲ್ಲೂ ಆಟೋ ಇತ್ತು. ಬನ್ ಇತ್ತೋ ಇಲ್ಲವೋ ಕೇಳಲಿಲ್ಲ.

‘‘ತೌಬಾ,’’ ಎಂದರು ಚಾಚಾ. ‘‘ಇದ್ನ ನೋಡಿ ನಾನೂ ಅನ್ಕೊಂಡೆ, ಮೇಷ್ಟ್ರು ಯಾರ್ದೋ ಫೋಟೋ ತರ್ತಾರೆ ಅಂತ.’’

ಮೇಷ್ಟ್ರು ತುಂಬ ಹೊತ್ತು ಎರಡು ಚಿತ್ರಗಳನ್ನೂ ನೋಡಿದರು. ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ನನ್ನ ಕಡೆ ತಿರುಗಿ, ‘‘ಹೇಳ್ಬಾರ್ದಾಗಿತ್ತು ಕಣಮ್ಮ,’’ ಎಂದರು. ‘‘ಸುಳ್ಳೇ ಆಗಿದ್ರೂ ಇರ್ಲಿ, ನಂಗೆ ಒಂದು ಸಮುದ್ರ ಇತ್ತು. ಇನ್ಮೇಲೆ ನೋಡಿದಾಗೆಲ್ಲ ತಲೆಗಳೇ ಕಾಣ್ತವೆ.’’ ಕೊಡೆ ಹುಡುಕಿಕೊಂಡು ಎದ್ದರು. ಬಾಗಿಲಲ್ಲಿ ನಿಂತು, ‘‘ಏನಾದ್ರೂ ತುಂಬ್ಸಿಬಿಡಿ ಅಲ್ಲಿ. ಖಾಲಿ ಬೇಡ,’’ ಎಂದರು. ಹೆಸರಿನ ಮಾತು ಎತ್ತಲಿಲ್ಲ. ಚಾಚಾನ ಗಡಿಯಾರದ ಕಾನೂನೇ ಮತ್ತೆ ಜಾರಿಗೆ ಬಂತು.

ನಾನು ಆ ಪಟ್ಟಿಯನ್ನು ತುಂಬಿಸಲು ಒಪ್ಪಲಿಲ್ಲ. ಲತಾ ತುಂಬಿಸಿದಳು. ಒಂದೊಂದೇ ಅಲೆ, ಒಂದೊಂದೇ ಹಾಯಿ, ತಿಮಿಂಗಿಲದ ಬೆನ್ನಿಗೆ ಅಂಟಿದ ಚಿಪ್ಪುಗಳು ಕೂಡ. ಗಡಿಯಾರ ಓಡಿತು. ಪುಸ್ತಕ ಬಂದಾಗ ಮೂಲೆಯಲ್ಲಿ ಅವಳ ಹೆಸರು ಇತ್ತು, ಮೇಷ್ಟ್ರ ಕೊನೆಯ ಅಧ್ಯಾಯದಲ್ಲಿ ಮಕ್ಕಳು ಹಡಗು ಹತ್ತಿ ಹೋಗಿದ್ದರು. ಓದಿದವರು ಚೆನ್ನಾಗಿದೆ ಎಂದರು. ಲತಾ ಗುಬ್ಬಿಯ ಮನೆಯಲ್ಲೇ ಕೂತು ಮುಂದಿನ ಸಂಪುಟಗಳನ್ನು ಬರೆಯತೊಡಗಿದಳು. ಅಂಗಡಿ ಬಿಟ್ಟು ಹೋಗುವ ದಿನ ಪೆನ್ನನ್ನು ತನ್ನ ಸೆರಗಿನಲ್ಲಿ ಚೆನ್ನಾಗಿ ಒರೆಸಿ, ನನಗೆ ಕಾಣುವ ಹಾಗೆ, ಮೇಜಿನ ಮೇಲಿಟ್ಟಳು. ಅದಾದ ಮೇಲೆ ಮಾತಿಲ್ಲ. ಫ್ಲೆಕ್ಸ್ ನಿಲ್ಲಿಸಿದ್ದನ್ನು ಊರು ಮರೆಯಿತು, ಬೆಡ್‌ಶೀಟ್ ತೆಗೆದೆವು, ತಲೆಗಳು ವಾಪಸ್ ಬಂದವು. ನಾನು ಇನ್ನೂ ಅಲ್ಲೇ ಇದ್ದೇನೆ. ಅವಳದು ಸುಳ್ಳು, ನನ್ನದು ನಿಜ ಎಂದು ನನ್ನೊಳಗೆ ತುಂಬ ವರ್ಷ ಹೇಳಿಕೊಂಡೆ. ನಿಜ ಹೇಳಿದ್ದು ಅವಳನ್ನು ಬೀಳಿಸಲು ಎಂಬುದನ್ನು ಮುಚ್ಚಿಡುವ ಅಗತ್ಯ ನನಗೆ ಕಾಣುವುದಿಲ್ಲ. ಬಿದ್ದದ್ದು ಮೇಷ್ಟ್ರು.

ಪುಸ್ತಕ ಬಂದ ವಾರ ಕುಣಿಗಲ್ಲಿನ ಶಾಲೆಯವರು ಮೇಷ್ಟ್ರಿಗೆ ಸನ್ಮಾನ ಇಟ್ಟುಕೊಂಡಿದ್ದರು, ಬ್ಯಾನರ್ ನಮ್ಮಲ್ಲೇ ಮಾಡಿಸಿದರು ಎಂದು ಕೇಳಿದ್ದೆ. ಆ ವಾರ ನಾನು ಅಂಗಡಿಯ ಕಡೆ ತಲೆ ಹಾಕಿರಲಿಲ್ಲ. ಚಾಚಾ ತಾವೇ ಕೂತು ಮಾಡಿದ್ದರು. ಅದನ್ನು ನಾನು ನೋಡಿದ್ದು ಬಜ್ಜಿ ಗಾಡಿಯ ಕೆಳಗೆ, ಈಗ.

‘‘ಅಕ್ಕ, ಈ ಸುರುಳಿ ಒಂಚೂರು ಬಿಚ್ಲಾ?’’ ಎಂದು ಗಾಡಿಯಾಕೆಯನ್ನು ಕೇಳಿದೆ.

‘‘ಬಿಚ್ಕೊಳಮ್ಮ. ಅದ್ರಲ್ಲೇನೈತೆ, ಬರೀ ತಲೆಗಳವೆ. ಗಿರಾಕಿಗಳ್ನ ಗುರಾಯಿಸ್ತಾವೆ ಅಂತ ಸುತ್ತಿಟ್ಟೀನಿ.’’

‘‘ಇದು ಯಾವೂರ್ ಮ್ಯಾಪು ಗೊತ್ತಾ?’’

‘‘ಯಾವ್ದೋ ಊರಿಂದು. ಯಡಿಯೂರಿಗೆ ಹೋಗೋ ದಾರಿ ಎಲ್ಲೈತೆ ಅಂತ ಒಬ್ರು ಇದ್ರಲ್ಲೇ ಹುಡುಕ್ತಾ ನಿಂತಿದ್ರು ನೋಡು. ನೀರ್ ಸೋರಲ್ಲ, ಅಷ್ಟು ಸಾಕು ನಂಗೆ.’’

ಹಗ್ಗ ಬಿಚ್ಚಿದೆ. ಸುರುಳಿಯಲ್ಲಿ ನಿಂತಿದ್ದ ನೀರು ನನ್ನ ತೋಳಿನ ಮೇಲೆ ಸುರಿಯಿತು. ಲತಾಳ ಅಲೆಗಳಿರಲಿಲ್ಲ, ಹಡಗಿರಲಿಲ್ಲ. ಅವಳು ತುಂಬಿಸಿದ ಸಮುದ್ರದಲ್ಲಿ ತಲೆ ಇಡಲು ಜಾಗವಿಲ್ಲವೆಂದು ಚಾಚಾ ಹಳೆಯ ಫೈಲನ್ನೇ ತೆಗೆದಿದ್ದರು. ಖಾಲಿ ನೀಲಿ, ಅದರ ಮೇಲೆ ‘ಶುಭಕೋರುವವರು’, ಅದರಡಿ ಶಾಲೆಯ ಸಮಿತಿಯವರು ಸಾಲಾಗಿ, ಕುತ್ತಿಗೆಯವರೆಗೆ ನೀರಿನಲ್ಲಿ ನಿಂತವರ ಹಾಗೆ. ಮೂಲೆಯಲ್ಲಿ ಹೆಸರಿನ ಜಾಗಕ್ಕೆ ಹಗ್ಗದ ತೂತು ಬಿದ್ದಿತ್ತು. ಅಲ್ಲಿ ಯಾರ ಹೆಸರಾದರೂ ಇತ್ತೋ ಇಲ್ಲವೋ ಹೇಳಲು ಬರುವಂತಿರಲಿಲ್ಲ.

ಫೋಟೋ ತೆಗೆದೆ. ಲತಾಳ ಹಳೆಯ ನಂಬರ್ ಮೊಬೈಲಿನಲ್ಲಿ ಇನ್ನೂ ಇತ್ತು. ಅವಳಿಗೆ ನೋವಾಗಲಿ ಎಂದೇ ಕಳಿಸಿದೆ, ಒಂದು ಮಾತೂ ಬರೆಯದೆ. ಬಜ್ಜಿ ಮುಗಿಯುವುದರೊಳಗೆ ಉತ್ತರ ಬಂತು:

‘‘ಎಡಗಡೆಯಿಂದ ಎರಡನೇ ತಲೆ ದೊಡ್ಡದಾಗಿದೆ. ಚಾಚಾ ಮಾಡಿದ್ದಾ?’’

ಮೊಬೈಲ್ ಬ್ಯಾಗಿಗೆ ಹಾಕಿ, ತಲೆ ಎತ್ತಿ ನೋಡಿದೆ. ಕಣ್ಣಲ್ಲೇ ಅಳೆದೆ, ಪಕ್ಕದ್ದಕ್ಕೆ ಹೋಲಿಸಿ ಮತ್ತೊಮ್ಮೆ ಅಳೆದೆ. ದೊಡ್ಡದೇ ಇತ್ತು, ಹಾಳಾದವಳು.